ನರ್ಸ್ ಹ್ಯಾಟಿ ಇನ್ನೂ ಫೋನಿನಲ್ಲಿ ಮಾತಾಡುತ್ತಾಳೆ

ಬಾಲ್ಟಿಮೋರ್
ಮಾರ್ಚ್ 4, 1991

ಮಿಸ್ ಡೆನೀಟಾ ಮೇಬ್ರಿ ಅವರಿಗೆ,

ನನ್ನ ಹೆಸರು ಓಝೆಲ್ಲಾ ಟಿಬ್ಸ್. ನಾನು ಯಾರೆಂದು ನಿಮಗೆ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತೇ ಆಯಸ್ಸು ಸವೆಸಿದವಳು. ಈಗ ನಿವೃತ್ತಳಾಗಿ ದಿನಾ ಮಧ್ಯಾಹ್ನ ನಿಮ್ಮ 'ಆಶ್‌ಫೋರ್ಡ್' ಧಾರಾವಾಹಿಯ ಮುಂದೆ ಕೂರುತ್ತೇನೆ. ನಮ್ಮ ಚರ್ಚಿನ ಹೆಂಗಸರೆಲ್ಲ ಅದಕ್ಕೆ 'ನಮ್ಮ ಕಥೆ' ಎನ್ನುತ್ತೇವೆ. ಆ ಹೊತ್ತಿನಲ್ಲಿ ನಮಗೆ ಯಾರೂ ಫೋನ್ ಮಾಡುವುದಿಲ್ಲ.

ಕೋರಾಲೀ ಪ್ರೂಯಿಟ್ ನರ್ಸ್ ಹ್ಯಾಟಿಯ ಪಾತ್ರದಲ್ಲಿ ಮೊದಲ ಸಲ ಆ ಪರದೆಯ ಮೇಲೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಟಿವಿಯಲ್ಲಿ ನಮ್ಮ ಕರಿಯ ಹೆಂಗಸರೆಂದರೆ ಮನೆಗೆಲಸದವರೇ ಆಗಿದ್ದ ಕಾಲ, ಆದರೆ ಆಕೆ ಕೈಯಲ್ಲಿ ಪೊರಕೆ ಹಿಡಿದಿರಲಿಲ್ಲ, ಸೊಂಟಕ್ಕೆ ಅಡಿಗೆಯವಳ ಬಟ್ಟೆ ಸುತ್ತಿರಲಿಲ್ಲ. ತಲೆಯ ಮೇಲೆ ನರ್ಸಿನ ಬಿಳಿ ಟೋಪಿ ಇತ್ತು. ಚಿಕ್ಕ ಟಿವಿ ಇಟ್ಟಿದ್ದ ನಮ್ಮ ಕೆಲಸದ ಜಾಗದಲ್ಲಿ ಇಸ್ತ್ರಿ ಯಂತ್ರಗಳೆಲ್ಲ ನಿಂತುಹೋದವು. ಒಂದು ದಿಂಬಿನ ಚೀಲ ಸುಟ್ಟಿತು, ಮೇಲ್ವಿಚಾರಕನ ಬೈಗುಳವನ್ನು ನಾವು ನಗುತ್ತಲೇ ತಿಂದೆವು. ನನ್ನ ಮಗಳು ನರ್ಸ್ ಆದದ್ದು ಆಕೆಯನ್ನು ನೋಡಿಯೇ.

ಕೋರಾಲೀ ಅವರು ಜನವರಿಯಲ್ಲಿ ತೀರಿಕೊಂಡರು. ಎರಡು ವರ್ಷದ ಹಿಂದೆ ನಿಮ್ಮ ಮುದುಕ ಡಾಕ್ಟರ ಪಾತ್ರದ ಬಿಳಿಯ ನಟ ತೀರಿಕೊಂಡಾಗ ಆಶ್‌ಫೋರ್ಡ್ ಊರಿಗೆ ಊರೇ ವಾರವಿಡೀ ಅತ್ತಿತ್ತು. ಘಂಟೆ ಬಾರಿಸಿದರು, ಹೂವು ಸುರಿದರು, ಕೊನೆಗೆ ಆತನ ಫೋಟೋ ತೋರಿಸಿದರು. ನಾವೂ ಅತ್ತೆವು. ಆದರೆ ನಮ್ಮ ನರ್ಸ್ ಹ್ಯಾಟಿ ಮಾತ್ರ ಅಟ್ಲಾಂಟಾದಲ್ಲಿ ತಂಗಿಯ ಮನೆಗೆ ಹೋಗಿದ್ದಾಳಂತೆ. ಆಕೆಯ ಮಗಳ ಪಾತ್ರದ ನೀವು ಫೋನ್ ಹಿಡಿದು, "ಆಯ್ತಮ್ಮಾ, ಚಳಿ ಇದೆ, ಕೋಟ್ ಹಾಕ್ಕೊಂಡೇ ಹೊರಗೆ ಹೋಗು" ಎಂದು ನಗುತ್ತೀರಿ.

ಮೊದಲೇ ಚಿತ್ರೀಕರಿಸಿ ಇಟ್ಟಿದ್ದು ಇರಬೇಕು ಎಂದು ಕೆಲವು ವಾರ ಸುಮ್ಮನಿದ್ದೆವು. ಈಗ ಮಾರ್ಚ್ ಬಂದಿದೆ. ಮಣ್ಣಿನಲ್ಲಿ ಮಲಗಿದವರಿಗೆ ಕೋಟು ಹಾಕಿಕೊಳ್ಳಲು ಹೇಳುವುದು ಯಾವ ಸೀಮೆಯ ತಮಾಷೆ? ನಿಮಗೆ ಇದನ್ನು ಆಡಲು ನಾಲಿಗೆ ಹೇಗೆ ಹೊರಳುತ್ತದೆ? ಉತ್ತರ ಬೇಕು.

ಓಝೆಲ್ಲಾ ಟಿಬ್ಸ್

*

ನ್ಯೂಯಾರ್ಕ್
ಮಾರ್ಚ್ 20, 1991

ಪ್ರಿಯ ಮಿಸೆಸ್ ಟಿಬ್ಸ್,

'ಆಶ್‌ಫೋರ್ಡ್' ಮೇಲಿನ ನಿಮ್ಮ ಪ್ರೀತಿಗೆ ಕೃತಜ್ಞತೆಗಳು. ಕೋರಾಲೀ ಪ್ರೂಯಿಟ್ ನಮ್ಮೆಲ್ಲರ ಅಚ್ಚುಮೆಚ್ಚಿನ ಸಹೋದ್ಯೋಗಿಯಾಗಿದ್ದರು. ಕಥೆಯ ತೀರ್ಮಾನಗಳನ್ನು ಲೇಖಕರ ತಂಡ ಮಾಡುತ್ತದೆ. ಸಹಿ ಮಾಡಿದ ಫೋಟೋ ಒಂದನ್ನು ಇದರೊಂದಿಗೆ ಇಟ್ಟಿದ್ದೇನೆ.

ದಯವಿಟ್ಟು ಫೋನಿನ ದೃಶ್ಯಗಳನ್ನು ಗಮನವಿಟ್ಟು ನೋಡಿ.

ಡೆನೀಟಾ ಮೇಬ್ರಿ

*

ಬಾಲ್ಟಿಮೋರ್
ಮಾರ್ಚ್ 29, 1991

ಡೆನೀಟಾ ಮೇಬ್ರಿ,

ನಿನ್ನ ಫೋಟೋ ಬಂತು. ಹಲ್ಲು ಚೆನ್ನಾಗಿವೆ. ಇನ್ನು ನಿನ್ನನ್ನು ಬಹುವಚನದಲ್ಲಿ ಕರೆಯಲು ನನ್ನಿಂದಾಗದು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು ನೀನು.

ನಾನು ಕೇಳಿದ್ದು ಉತ್ತರವನ್ನು, ನೀನು ಕೊಟ್ಟದ್ದು ಅಂಗಡಿಯ ರಸೀದಿಯಂಥ ಕಾಗದವನ್ನು. ಮೇಲಾಗಿ ಆ ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ ಗುರುತಿದೆ. ಬರೆದವಳು ನೀನೋ, ಇನ್ನಾರೋ? ಕೊನೆಯ ಸಾಲು ಮಾತ್ರ ಕೈಯಲ್ಲಿ ಬರೆದದ್ದು. ಅದೂ ಎಂಥ ಸಾಲು! ನಮ್ಮ ಹೊಟ್ಟೆ ಉರಿಸುವ ದೃಶ್ಯವನ್ನೇ ಇನ್ನಷ್ಟು ನೋಡಿ ಎಂಬ ಉಪದೇಶ.

ನನ್ನ ಗೆಳತಿ ಲವೀನಿಯಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇವಳು ನಮ್ಮ ಕಿವಿ ಮೇಲೆ ಹೂ ಇಡ್ತಾ ಇದಾಳೆ ಕಣೇ, ತಾಯಿ ಜಾಗ ಖಾಲಿಯಾದ್ರೆ ತಾನೇ ಇವಳಿಗೆ ಜಾಗ" ಅಂದಳು. ನಾನು ಅಲ್ಲವೆನ್ನಲಿಲ್ಲ. ಯಾಕೆಂದರೆ ಮೊದಲ ಪತ್ರದಲ್ಲಿ ನಾನೊಂದು ಮಾತು ನುಂಗಿಕೊಂಡಿದ್ದೆ. ಕೋರಾಲೀ ಅವರ ಅಂತ್ಯಕ್ರಿಯೆಗೆ ನಾವು ಬಸ್ಸು ಹಿಡಿದು ನ್ಯೂಯಾರ್ಕಿನ ಪಕ್ಕದ ಊರು ನ್ಯೂವಾರ್ಕಿಗೆ ಹೋಗಿದ್ದೆವು. ನಿಮ್ಮ ಬಿಳಿ ತಾರೆಯರೆಲ್ಲ ಬಂದಿದ್ದರು. ತೆರೆಯ ಮೇಲೆ ಹನ್ನೊಂದು ವರ್ಷ ಅವರನ್ನು ಅಮ್ಮಾ ಎಂದು ಕರೆದ ನೀನು ಬಂದಿರಲಿಲ್ಲ.

ಇದಕ್ಕೂ ಒಂದು ಫೋಟೋ ಕಳಿಸುತ್ತೀಯೋ?

ಓಝೆಲ್ಲಾ ಟಿಬ್ಸ್

*

ಬ್ರೂಕ್ಲಿನ್
ಏಪ್ರಿಲ್ 11, 1991

ಮಿಸೆಸ್ ಟಿಬ್ಸ್,

ಇದು ನನ್ನ ಮನೆಯ ವಿಳಾಸ. ಇನ್ನು ಬರೆಯುವುದಿದ್ದರೆ ಇಲ್ಲಿಗೇ ಬರೆಯಿರಿ. ಸ್ಟುಡಿಯೋಗೆ ಬಂದ ಕಾಗದಗಳನ್ನು ಮೊದಲು ಪ್ರಚಾರ ವಿಭಾಗದವರು ಒಡೆಯುತ್ತಾರೆ, ನಮ್ಮ ಉತ್ತರವನ್ನೂ ಅವರೇ ಟೈಪು ಮಾಡುತ್ತಾರೆ. ಆ ಒಂದು ಸಾಲನ್ನು ನಾನು ಅವರ ಮುಂದೆಯೇ ಬರೆದೆ. ಧಾರಾವಾಹಿಗೆ ವೀಕ್ಷಕರನ್ನು ಹಿಡಿದಿಡುವ ಮಾತು ಎಂದುಕೊಂಡು ಮೆಚ್ಚಿದರು.

ಅಂತ್ಯಕ್ರಿಯೆಗೆ ನಾನೇಕೆ ಬರಲಿಲ್ಲ ಎಂದು ಹೇಳಬಲ್ಲೆ. ಆದರೆ ಅದಕ್ಕೂ ಮೊದಲು ನಾನೂ ಒಂದು ಪ್ರಶ್ನೆ ಕೇಳಬೇಕಾಗಿದೆ. ಹೋದ ವರ್ಷ ನಮ್ಮಲ್ಲೊಬ್ಬ ನಟ ಒಬ್ಬ ಅಭಿಮಾನಿಗೆ ಮನಸ್ಸು ಬಿಚ್ಚಿ ಬರೆದ. ಅಭಿಮಾನಿ ಎಂದುಕೊಂಡಿದ್ದವಳು ಪತ್ರಿಕೆಯವಳಾಗಿದ್ದಳು. ಅವನ ಪಾತ್ರ ಮುಂದಿನ ತಿಂಗಳೇ ಕಾರು ಅಪಘಾತದಲ್ಲಿ ಸತ್ತಿತು. ನೀವು ಇಸ್ತ್ರಿ ಮಾಡುತ್ತಿದ್ದ ಓಝೆಲ್ಲಾ ಟಿಬ್ಸ್ ಎಂದು ನಾನು ಹೇಗೆ ನಂಬಲಿ? ನ್ಯೂವಾರ್ಕಿಗೆ ಹೋಗಿದ್ದೆ ಎನ್ನುತ್ತೀರಿ. ಹೋಗಿದ್ದರೆ ಅಲ್ಲಿ ಕಂಡದ್ದನ್ನು ಬರೆಯಿರಿ. ಪತ್ರಿಕೆಯಲ್ಲಿ ಬಂದದ್ದು ಬೇಡ, ಅದನ್ನು ನಾನೂ ಓದಿದ್ದೇನೆ.

ಡೆನೀಟಾ

*

ಬಾಲ್ಟಿಮೋರ್
ಏಪ್ರಿಲ್ 20, 1991

ಡೆನೀಟಾ,

ನನ್ನನ್ನೇ ಪರೀಕ್ಷೆಗೆ ಕೂರಿಸುತ್ತೀಯಾ? ಈ ಧೈರ್ಯ ಪರವಾಗಿಲ್ಲ. ಬರೆಯುತ್ತೇನೆ, ಕೇಳು.

ಚರ್ಚು ಚಿಕ್ಕದು, ಜನ ಮೆಟ್ಟಿಲ ತನಕ ನಿಂತಿದ್ದರು. ನಿಮ್ಮ ಮಾರ್ಗೋ, ಅದೇ, ತೀರಿಕೊಂಡ ಡಾಕ್ಟರ ಹೆಂಡತಿ ವಿವಿಯನ್ ಪಾತ್ರದವಳು, ಕಪ್ಪು ಕನ್ನಡಕ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದಳು. ಕ್ಯಾಮೆರಾದವನು ಹೊರಗೆ ಹೋದ ಸ್ವಲ್ಪ ಹೊತ್ತಿಗೆ ನಿಮ್ಮ ತಾರೆಯರೆಲ್ಲರೂ ಎದ್ದು ಹೋದರು. ಪಾದ್ರಿ ಇನ್ನೂ ಬಾಯಿ ತೆರೆದಿರಲಿಲ್ಲ. ಎರಡನೇ ಸಾಲು ಖಾಲಿಯಾಯಿತು, ಹಿಂದೆ ನಿಂತಿದ್ದ ಮುದುಕಿಯರು ಹೋಗಿ ಕೂತರು. ಇದು ನಿನ್ನ ಪತ್ರಿಕೆಯಲ್ಲಿ ಬಂದಿರಲಿಕ್ಕಿಲ್ಲ.

ಶವದ ಪೆಟ್ಟಿಗೆಯ ಹತ್ತಿರ ಹೋದಾಗ ನನಗೆ ಅಳುವಿಗಿಂತ ಮೊದಲು ಆಶ್ಚರ್ಯವಾಯಿತು. ಇಷ್ಟು ವರ್ಷ ಟಿವಿಯಲ್ಲಿ ಆಕೆ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತಿದ್ದರು. ನಮ್ಮ ಡಬ್ಬವೇ ಹಳತು ಎಂದುಕೊಂಡು ನಾನು ಅದರ ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು. ಪೆಟ್ಟಿಗೆಯಲ್ಲಿ ಆಕೆ ತನ್ನ ಸ್ವಂತ ಬಣ್ಣದಲ್ಲಿ ಮಲಗಿದ್ದರು, ಹದವಾಗಿ ಕಾಸಿದ ಬೆಲ್ಲದ ಬಣ್ಣ. ಶವಕ್ಕೆ ಪೌಡರು ಹಚ್ಚಿದ ಆ ಊರಿನ ಶವಸಂಸ್ಕಾರದವನಿಗೆ ಗೊತ್ತಿದ್ದದ್ದು ನಿಮ್ಮ ನ್ಯೂಯಾರ್ಕಿನ ದೊಡ್ಡ ಜನಕ್ಕೆ ಗೊತ್ತಿರಲಿಲ್ಲ. ಆಗ ನನಗೆ ಅಳು ಬಂತು.

ಪಾಸಾದೆನೋ? ಈಗ ನಿನ್ನ ಸರದಿ. ತಡ ಮಾಡಬೇಡ, ಇಲ್ಲಿ ನಾವೂ ಸುಮ್ಮನೆ ಕೂತಿಲ್ಲ.

ಓಝೆಲ್ಲಾ ಟಿಬ್ಸ್

*

ಬ್ರೂಕ್ಲಿನ್
ಮೇ 2, 1991

ಮದರ್ ಟಿಬ್ಸ್,

ಚರ್ಚಿನ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ನಿಮ್ಮನ್ನೂ ಕರೆಯಬಹುದಲ್ಲವೇ? ನಿಮ್ಮ ಪತ್ರವನ್ನು ಸುರಂಗ ರೈಲಿನಲ್ಲಿ ಓದಿ ಇಳಿಯಬೇಕಾದ ನಿಲ್ದಾಣ ದಾಟಿಹೋದೆ.

ಅಂದು ನಾನು ಬರದಿದ್ದ ಕಾರಣ ಇಷ್ಟೇ. ತಾರೆಯರೆಲ್ಲ ನ್ಯೂವಾರ್ಕಿಗೆ ಹೋಗಿ ಫೋಟೋ ತೆಗೆಸಿಕೊಳ್ಳಬೇಕೆಂದು ಪ್ರಚಾರ ವಿಭಾಗ ತೀರ್ಮಾನಿಸಿತು. ಅವರಿಲ್ಲದ ದಿನ ಸ್ಟುಡಿಯೋ ಖಾಲಿ ಬಿಡುವಂತಿಲ್ಲ, ಆದ್ದರಿಂದ ನನ್ನ ದೃಶ್ಯಗಳನ್ನೆಲ್ಲ ಒಟ್ಟಿಗೆ ಅಂದೇ ಇಟ್ಟರು. ನಾನು ಕೇಳಿದೆ, ಬೇಡಿದೆ. "ನೀನೂ ಹೋದ್ರೆ ಕ್ಯಾಮೆರಾ ಮುಂದೆ ಯಾರನ್ನ ನಿಲ್ಲಿಸಲಿ?" ಅಂದರು. ಹನ್ನೊಂದು ವರ್ಷದಲ್ಲಿ ಒಂದೇ ದಿನ ಅಷ್ಟೊಂದು ದೃಶ್ಯ ನನಗೆ ಸಿಕ್ಕಿದ್ದು ಅದೇ ಮೊದಲು. ಅಮ್ಮನನ್ನು ಮಣ್ಣಿಗಿಡುವ ಹೊತ್ತಿನಲ್ಲಿ ನಾನು ಹುಟ್ಟುಹಬ್ಬದ ಕೇಕು ಕತ್ತರಿಸುತ್ತಿದ್ದೆ.

ಬೂದಿ ಬಣ್ಣದ ಮಾತು ನಿಜ. ನಮ್ಮ ಬಣ್ಣಕ್ಕೆ ಹೊಂದುವ ಪೌಡರು ಅಲ್ಲಿ ಇರಲೇ ಇಲ್ಲ. ಕೋರಾಲೀ ಮನೆಯಿಂದ ತನ್ನದೇ ಡಬ್ಬಿ ತಂದು, ಮೆಟ್ಟಿಲ ಮೇಲೆ ಕೂರಿಸಿಕೊಂಡು ಮೊದಲು ನನಗೆ ಹಚ್ಚಿ ಆಮೇಲೆ ತಾನು ಹಚ್ಚಿಕೊಳ್ಳುತ್ತಿದ್ದಳು. ಒಳಗೆ ಹೋದರೆ ದೀಪ ಹಿಡಿಯುವವರು ಮಾರ್ಗೋ ಮುಖಕ್ಕೆ ಬೆಳಕು ಹೊಂದಿಸುತ್ತಿದ್ದರು, ನಮ್ಮ ಪಾಲಿಗೆ ಉಳಿದದ್ದು ಬೂದಿ.

ಇನ್ನು ಫೋನಿನ ವಿಚಾರ. ಕೋರಾಲೀ ತೀರಿಕೊಂಡ ವಾರದಲ್ಲೇ ಲೇಖಕರು ಹ್ಯಾಟಿಯ ಶೋಕಸಭೆಯನ್ನು ಬರೆದಿದ್ದರು. ಎಲ್ಲಿ ಗೊತ್ತೇ? ಡಾಕ್ಟರ ಮನೆಯ ಹಜಾರದಲ್ಲಿ. ಬಿಳಿಯರು ಒಬ್ಬೊಬ್ಬರಾಗಿ ಎದ್ದು, ಹ್ಯಾಟಿ ತಮ್ಮ ಜ್ವರ ಹೇಗೆ ಇಳಿಸಿದಳು, ತಮ್ಮ ಮಕ್ಕಳನ್ನು ಹೇಗೆ ಆಡಿಸಿದಳು ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಮಗಳಾದ ನಾನು ಕಾಫಿಯ ತಟ್ಟೆ ಹಿಡಿದು ಸುತ್ತುತ್ತೇನೆ. ನನಗೆ ಎರಡು ಮಾತು. ಒಂದು, "ತುಂಬಾ ಥ್ಯಾಂಕ್ಸ್, ಮಿಸೆಸ್ ವಿವಿಯನ್." ಎರಡು, "ಇನ್ನೂ ಸ್ವಲ್ಪ ಕಾಫಿ ಹಾಕ್ಲಾ?"

ಇದನ್ನು ನಾನು ಆಡುವುದಿಲ್ಲ ಅಂದೆ. ಹಾಗಾದರೆ ಹ್ಯಾಟಿಯನ್ನು ಏನು ಮಾಡುವುದು ಎಂದು ಕೇಳಿದರು. ಬದುಕಿರಲಿ, ನಾನು ಫೋನಿನಲ್ಲಿ ಮಾತಾಡುತ್ತೇನೆ ಅಂದೆ. ಖರ್ಚು ಕಡಿಮೆ, ಒಪ್ಪಿಕೊಂಡರು. ಆ ದೃಶ್ಯಕ್ಕೆ ಅವರು ಮಾತು ಬರೆಯುವುದಿಲ್ಲ, 'ತಾಯಿಯೊಡನೆ ಮಾತು' ಎಂದಷ್ಟೇ ಬರೆಯುತ್ತಾರೆ. ಉಳಿದದ್ದು ನನ್ನದು. ಚಳಿಗೆ ಕೋಟು ಹಾಕಿಕೋ ಎನ್ನುವುದು ಕೋರಾಲೀ ದಿನಾ ಸಂಜೆ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದ ಮಾತು. ಅವಳ ಮಾತುಗಳನ್ನೇ ಅವಳಿಗೆ ತಿರುಗಿ ಹೇಳುತ್ತಿದ್ದೇನೆ. ನನಗೆ ಅಳಲು ಅಲ್ಲಿ ಸಿಕ್ಕಿರುವ ಜಾಗ ಅದೊಂದೇ.

ಇದನ್ನು ಯಾರಿಗೂ ತೋರಿಸಬೇಡಿ. ಹಾಗೇ ಒಂದು ಪ್ರಶ್ನೆ. 'ನಾವೂ ಸುಮ್ಮನೆ ಕೂತಿಲ್ಲ' ಎಂದಿರಲ್ಲ, ಏನು ಮಾಡುತ್ತಿದ್ದೀರಿ?

ಡೆನೀಟಾ

*

ಬ್ರೂಕ್ಲಿನ್
ಜೂನ್ 17, 1991

ಮಿಸೆಸ್ ಟಿಬ್ಸ್,

ನಿಮ್ಮಿಂದ ಉತ್ತರವಿಲ್ಲ. ಕಾಯಿಲೆಯೇನೋ ಎಂದು ಯೋಚಿಸುತ್ತಿದ್ದೆ. ಇವತ್ತು ಕಾರಣ ತಿಳಿಯಿತು.

ಮಹಡಿಯ ಮೇಲಕ್ಕೆ ಕರೆದರು. ನಿರ್ಮಾಪಕರು ಕುರ್ಚಿ ಎಳೆದುಕೊಟ್ಟರು. ಕುರ್ಚಿ ಎಳೆದುಕೊಟ್ಟಾಗಲೇ ನನಗೆ ಅನುಮಾನ ಬಂತು, ಅವರು ಒಳ್ಳೆಯ ಸುದ್ದಿಯನ್ನು ನಮ್ಮನ್ನು ನಿಲ್ಲಿಸಿಕೊಂಡೇ ಹೇಳುವವರು. ಮೇಜಿನ ಮೇಲೆ ಬಾಲ್ಟಿಮೋರಿನ ಚರ್ಚುಗಳ ಹೆಂಗಸರು ಸಾಬೂನು ಕಂಪನಿಗೆ ಬರೆದ ದೂರು ಇತ್ತು. ಜಾಹೀರಾತು ಕೊಡುವವರು ಅವರೇ ಅಲ್ಲವೇ? ಫೋನಿನ ದೃಶ್ಯಗಳು ಸತ್ತವರಿಗೆ ಅವಮಾನ, ಅವು ನಿಲ್ಲುವ ತನಕ ನಿಮ್ಮ ಸಾಬೂನು ಮುಟ್ಟುವುದಿಲ್ಲ ಎಂದು ಬರೆದಿದ್ದರು. ನಿರ್ಮಾಪಕರಿಗೆ ಬೇಸರವೇನೂ ಇರಲಿಲ್ಲ. ನಗುತ್ತಲೇ ಹೇಳಿದರು: "ನೋಡು ಡೆನೀಟಾ, ನಾವಾಗಿ ನಿಲ್ಲಿಸ್ತಿಲ್ಲ. ನಿನ್ನ ಜನಾನೇ ಬೇಡ ಅಂತಿದಾರೆ."

ಫೋನು ನಿಂತಿತು. ತಾಯಿಯೇ ಇಲ್ಲದ ಮೇಲೆ ಮಗಳಿಗೆ ಕಥೆಯಿಲ್ಲವಂತೆ. ನಾನೂ ಅಟ್ಲಾಂಟಾಗೆ ಹೋಗುತ್ತೇನಂತೆ, ಅಮ್ಮನ ಜೊತೆ ಇರಲು. ಈ ತಿಂಗಳ ಇಪ್ಪತ್ತೆಂಟು ನನ್ನ ಕೊನೆಯ ದಿನ. ಅಲ್ಲಿಗೆ ಆಶ್‌ಫೋರ್ಡಿನಲ್ಲಿ ನಮ್ಮವರು ಯಾರೂ ಉಳಿಯುವುದಿಲ್ಲ. ಹ್ಯಾಟಿ ಸತ್ತಳೆಂದು ಯಾರೂ ಹೇಳಬೇಕಾಗಿಯೂ ಇಲ್ಲ.

ಸಹಿಗಳಲ್ಲಿ ಮೊದಲ ಹೆಸರು ನಿಮ್ಮದು. ನನ್ನ ಬೆರಳಿನಿಂದಲೇ ನನ್ನ ಕಣ್ಣು ತಿವಿಸಿದರು. ನನಗೆ ಒಂದು ಮಾತು ತಿಳಿದರೆ ಸಾಕು. ಅದನ್ನು ಕಳಿಸಿದ್ದು ನನ್ನ ಪತ್ರ ಬರುವ ಮೊದಲೋ, ಬಂದ ಮೇಲೋ?

ಡೆನೀಟಾ ಮೇಬ್ರಿ

*

ಬಾಲ್ಟಿಮೋರ್
ಜೂನ್ 21, 1991

ಡೆನೀಟಾ,

ಮೊದಲು.

ಏಪ್ರಿಲ್‌ನಲ್ಲೇ ಕಳಿಸಿದ್ದೆ, ನಿನಗೆ ಅಂತ್ಯಕ್ರಿಯೆಯ ಬಗ್ಗೆ ಬರೆದ ಎರಡು ದಿನಕ್ಕೆ. ಆದರೆ ಅಷ್ಟು ಹೇಳಿ ಕೈತೊಳೆದುಕೊಂಡರೆ ಅದೂ ಸುಳ್ಳಾಗುತ್ತದೆ. ನಿನ್ನ ಮೇ ತಿಂಗಳ ಪತ್ರವನ್ನು ಎರಡು ಸಲ ಓದಿದೆ. ಆದರೂ ಆ ದಿನವೇ ಕಂಪನಿಗೆ ಫೋನ್ ಮಾಡಲಿಲ್ಲ. ಇವಳು ನಮ್ಮ ಬಾಯಿ ಮುಚ್ಚಿಸಲು ಹೆಣೆದ ಕಥೆಯಿದ್ದರೆ? ನಟಿಯಲ್ಲವೇ, ಪತ್ರದಲ್ಲೂ ನಟಿಸಬಲ್ಲಳು ಎಂದುಕೊಂಡೆ. ಒಂದು ವಾರ ಹಾಗೇ ಕಳೆದೆ. ಆಮೇಲೆ ಒಂದು ಮಧ್ಯಾಹ್ನ ನೀನು ಫೋನಿನಲ್ಲಿ, "ನೀನು ಹೇಳಿಕೊಟ್ಟ ಹಾಗೇ ಹಚ್ಕೊಂಡಿದೀನಮ್ಮಾ, ಮೊದಲು ನಾನು, ಆಮೇಲೆ ನೀನು" ಅಂದೆ. ಮೆಟ್ಟಿಲ ಮೇಲೆ ಹಚ್ಚಿದ ಪೌಡರು! ಅದು ಗೊತ್ತಿದ್ದದ್ದು ಇಡೀ ದೇಶದಲ್ಲಿ ನಿನಗೂ ನನಗೂ ಮಾತ್ರ. ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಆಗ ಫೋನ್ ಮಾಡಿದೆ. ದೂರನ್ನು ಆಗಲೇ ಮುಂದಕ್ಕೆ ಕಳಿಸಿದ್ದಾರೆಂದು ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ನಿನಗೆ ಬರೆಯಲು ನನಗೆ ಮುಖವಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲರ ಮುಂದೆ ಹೇಳುತ್ತೇನೆ. ಬೇಕಾದರೆ ಇನ್ನೊಂದು ಪತ್ರ ಬರೆಸುತ್ತೇನೆ, ಎರಡರಷ್ಟು ಸಹಿ ಹಾಕಿಸುತ್ತೇನೆ.

ನಾನು ಕೋರಾಲೀ ಅವರಿಗೆ ನ್ಯಾಯ ಕೊಡಿಸಲು ಹೊರಟೆ, ಅವರ ಮಗಳನ್ನೇ ಹೊರಗೆ ಹಾಕಿಸಿದೆ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಓಝೆಲ್ಲಾ

*

ಬ್ರೂಕ್ಲಿನ್
ಜೂನ್ 30, 1991

ಮದರ್ ಟಿಬ್ಸ್,

ಇನ್ನೊಂದು ಪತ್ರ ಬೇಡ. 'ಅವಳೇ ಬರೆಸಿದ್ದಾಳೆ' ಎನ್ನುತ್ತಾರೆ. ಕ್ಷಮಿಸಿದ್ದೇನೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಸಿಟ್ಟು ಇದೆ. ಆದರೂ ನಡೆದದ್ದನ್ನು ಹೇಳಲು ಬೇರೆ ಯಾರೂ ನೆನಪಿಗೆ ಬರಲಿಲ್ಲ.

ಶುಕ್ರವಾರ ನನ್ನ ಕೊನೆಯ ದೃಶ್ಯವನ್ನು ದಿನದ ಕೊನೆಗೆ ಇಟ್ಟಿದ್ದರು. ನಮ್ಮ ಕೆಲಸದಲ್ಲಿ ಸಿನಿಮಾದಂತೆ ಮತ್ತೆ ಮತ್ತೆ ತೆಗೆಯುವುದಿಲ್ಲ. ದಿನಕ್ಕೊಂದು ಕಂತು ಮುಗಿಯಬೇಕು, ಒಂದೇ ಸಲಕ್ಕೆ ಆಡಬೇಕು. ಅದರಲ್ಲೂ ಕೆಲಸದ ವೇಳೆ ಮುಗಿಯುತ್ತ ಬಂದಾಗ ಗೋಡೆ ಬಿದ್ದರೂ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಎಲ್ಲರಿಗೂ ಹೆಚ್ಚಿನ ಕೂಲಿ ಕೊಡಬೇಕು. ಇದನ್ನು ಕೋರಾಲೀಯೇ ನನಗೆ ಹೇಳಿಕೊಟ್ಟಿದ್ದಳು. ತಾನು ಮಾತ್ರ ಒಮ್ಮೆಯೂ ಅದನ್ನು ಬಳಸಿಕೊಳ್ಳಲಿಲ್ಲ.

ಡಾಕ್ಟರ ಮನೆಯ ಹಜಾರ. ನನ್ನ ಕೈಯಲ್ಲಿ ಪ್ರಯಾಣದ ಪೆಟ್ಟಿಗೆ, ಎದುರಿಗೆ ಮಾರ್ಗೋ. "ಅಟ್ಲಾಂಟಾಗೆ ಹೊರಟೆ, ಅಮ್ಮ ಕಾಯ್ತಿದಾಳೆ" ಎಂದು ಹೇಳಿ ನಗುತ್ತ ಹೋಗಬೇಕು. ನಾನು ಪೆಟ್ಟಿಗೆಯನ್ನು ನೆಲಕ್ಕಿಟ್ಟೆ. "ಅಟ್ಲಾಂಟಾದಲ್ಲಿ ಯಾರೂ ಇಲ್ಲ. ಅಮ್ಮ ತೀರ್ಕೊಂಡ್ಳು. ಜನವರಿಯಲ್ಲೇ" ಅಂದೆ.

ಮಾರ್ಗೋ ಕ್ಯಾಮೆರಾ ಕಡೆ ತಿರುಗಿ "ನಿಲ್ಲಿಸಿ" ಅನ್ನುತ್ತಾಳೆ ಎಂದೇ ನಾನು ಕಾದೆ. ತಿರುಗಲಿಲ್ಲ. ನನ್ನನ್ನೇ ನೋಡುತ್ತ, "ನನಗೆ ಯಾಕೆ ಯಾರೂ ಹೇಳಲಿಲ್ಲ?" ಅಂದಳು. ನಾನು, "ನೀವು ಕೇಳಲಿಲ್ಲ" ಅಂದೆ. ಅಷ್ಟೇ ಹೇಳಿ ಬಾಗಿಲು ದಾಟಿದೆ. ಯಾರೂ ನಿಲ್ಲಿಸಲಿಲ್ಲ. ಹೊರಗೆ ನಿರ್ದೇಶಕರು ನನ್ನ ಕಡೆ ನೋಡದೆ ಗಡಿಯಾರ ನೋಡಿದರು.

ಮಾರ್ಗೋ ನನ್ನನ್ನು ಕಾಪಾಡಿದಳೋ, ಕ್ಯಾಮೆರಾ ಮುಂದೆ ತನ್ನ ಮುಖ ಕಾಪಾಡಿಕೊಂಡಳೋ ಗೊತ್ತಾಗಲಿಲ್ಲ. ಕೇಳಲು ನಾನು ನಿಲ್ಲಲಿಲ್ಲ.

ಜುಲೈ ಹದಿನೆಂಟಕ್ಕೆ ಪ್ರಸಾರ. ಅಷ್ಟರಲ್ಲಿ ಕತ್ತರಿ ಹಾಕುತ್ತಾರೆ ಎಂದೇ ನನ್ನ ಅನುಮಾನ. ಆ ದಿನ ನಾನು ಟಿವಿ ಹಾಕುವುದಿಲ್ಲ. ನೀವು ನೋಡಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಸಮಾಧಾನಕ್ಕೆ ಏನನ್ನೂ ಸೇರಿಸಬೇಡಿ.

ಡೆನೀಟಾ

*

ಬಾಲ್ಟಿಮೋರ್
ಜುಲೈ 18, 1991

ಮಗಳೇ,

ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿ ದೊಡ್ಡ ಟಿವಿ ಇಟ್ಟು ಎಲ್ಲರನ್ನೂ ಕರೆದಿದ್ದೆ. ಏನು ಬರುತ್ತದೆಂದು ಯಾರಿಗೂ ಹೇಳಿರಲಿಲ್ಲ. ನಿಜ ಹೇಳಿದರೆ ಬರುತ್ತದೆಂದು ನನಗೂ ನಂಬಿಕೆಯಿರಲಿಲ್ಲ. ಪ್ರಾರ್ಥನೆಯಲ್ಲಿ ಸುಸ್ತಾದವರನ್ನು ನೋಡಿಕೊಳ್ಳುವ ಚರ್ಚಿನ ನರ್ಸುಗಳ ಬಳಗದವರು ಬಿಳಿ ಬಟ್ಟೆಯಲ್ಲೇ ಬಂದಿದ್ದರು. ಲವೀನಿಯಾ ಎಲ್ಲರಿಗಿಂತ ಹಿಂದೆ ಕೂತಿದ್ದಳು, ನಿನ್ನ ಬಗ್ಗೆ ಆಡಿದ ಮಾತಿಗೆ ಅವಳಿಗೂ ನಾಚಿಕೆ.

ನೀನು ಪೆಟ್ಟಿಗೆ ನೆಲಕ್ಕಿಟ್ಟೆ. "ಅಮ್ಮ ತೀರ್ಕೊಂಡ್ಳು" ಅಂದೆ. ಅದನ್ನು ಅವರು ಕತ್ತರಿಸಿಲ್ಲ ಮಗಳೇ, ನಮ್ಮ ಕಿವಿಯಾರೆ ಕೇಳಿದೆವು. ಹಾಲ್‌ನಲ್ಲಿ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಲವೀನಿಯಾ ಎದ್ದು ನಿಂತಿದ್ದಳು. ಅವಳನ್ನು ನೋಡಿ ನರ್ಸುಗಳು ಎದ್ದರು, ಆಮೇಲೆ ಎಲ್ಲರೂ ಎದ್ದರು. ಅಂತ್ಯಕ್ರಿಯೆಯ ದಿನ ಸತ್ತವರ ಮನೆಯವರು ಚರ್ಚಿನೊಳಗೆ ಕಾಲಿಟ್ಟಾಗ ಎಲ್ಲರೂ ಏಳುತ್ತೇವಲ್ಲ, ಹಾಗೆ. ಮೊಣಕಾಲು ನೋವಿನ ಮುದುಕಿಯರೂ ನಿಂತರು.

ಮಾರ್ಗೋ ಕೇಳಿದಳು, ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದು. ಮರುಕ್ಷಣವೇ ಸಾಬೂನಿನ ಜಾಹೀರಾತು ಬಂತು. ನಿನ್ನ ಉತ್ತರವನ್ನು ಅವರು ನುಂಗಿದರು. ಜಾಹೀರಾತು ಮುಗಿದ ಮೇಲೆ ಬೇರೆ ಮನೆ, ಬೇರೆ ಜಗಳ. ಕೊನೆಯಲ್ಲಿ ಕೋರಾಲೀ ಅವರ ಫೋಟೋವೂ ಬರಲಿಲ್ಲ. ನೀನು ಕೇಳಿದ ಹಾಗೆ ಏನನ್ನೂ ಸೇರಿಸದೆ ಬರೆದಿದ್ದೇನೆ.

ಆದರೆ ಆ ಹಾಲ್‌ನಲ್ಲಿ ಅದನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಟಿವಿ ಆರಿಸಿ, ನಿನ್ನ ಉತ್ತರವನ್ನು ನಾನೇ ಗಟ್ಟಿಯಾಗಿ ಹೇಳಿದೆ. ಯಾರೋ ಆಮೆನ್ ಎಂದರು.

ಹ್ಯಾಟಿ ಈಗ ಆಶ್‌ಫೋರ್ಡಿನಲ್ಲೂ ಸತ್ತಿದ್ದಾಳೆ. ಸತ್ತ ಮೇಲೆ ಊಟ ಆಗಬೇಕು, ಅದಿಲ್ಲದೆ ನಮ್ಮಲ್ಲಿ ಯಾರನ್ನೂ ಕಳಿಸಿಕೊಟ್ಟ ಹಾಗಾಗುವುದಿಲ್ಲ. ಇಪ್ಪತ್ತೇಳನೇ ತಾರೀಕು ಶನಿವಾರ ಇಟ್ಟುಕೊಂಡಿದ್ದೇವೆ. ಮೀನು ಹುರಿಯುವುದು ಲವೀನಿಯಾ, ಸೊಪ್ಪು ಬೇಯಿಸುವುದು ನಾನು. ಮನೆಯವರ ತಟ್ಟೆಗೆ ಬಡಿಸದೆ ಉಳಿದವರು ಕೈ ಹಾಕುವ ಹಾಗಿಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆ ಧಾರಾವಾಹಿಯಲ್ಲಿ ಕೋರಾಲೀ ಅವರಿಗೆ ಮನೆಯವಳೆಂದು ಇದ್ದವಳು ನೀನೊಬ್ಬಳೇ.

ನೀನು ಬರುತ್ತೀಯೆಂದು ನನಗೆ ನಂಬಿಕೆಯಿಲ್ಲ. ನನ್ನ ಮೇಲಿನ ಸಿಟ್ಟು ನಿನಗಿನ್ನೂ ಇಳಿದಿರಲಾರದು, ಇಳಿಯಬೇಕೆಂದೂ ನಾನು ಕೇಳುವುದಿಲ್ಲ. ಸಿಟ್ಟನ್ನೂ ಜೊತೆಗೇ ಕರೆದುಕೊಂಡು ಬಾ, ಅದಕ್ಕೂ ಒಂದು ಕುರ್ಚಿ ಹಾಕುತ್ತೇನೆ. ನೀನು ಬರುವ ತನಕ ಇಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ.

ಓಝೆಲ್ಲಾ